ಹತ್ತಕ್ಕೆ ಆರು

ನನ್ನ ಮೈದುನನ ಎರಡೂ ಹೆಬ್ಬೆರಳುಗಳ ತುದಿ ನುಣ್ಣಗೆ ಹೊಳೆಯುತ್ತಿತ್ತು. ವರ್ಷಗಟ್ಟಲೆ ವಿಡಿಯೊ ಗೇಮ್ ಕಂಟ್ರೋಲರ್ ಹಿಡಿದು, ಅದರ ಮೇಲಿನ ಪುಟ್ಟ ಕಡ್ಡಿಗಳನ್ನು ಹೊರಳಿಸಿ ಹೊರಳಿಸಿ, ಅಲ್ಲಿನ ಚರ್ಮದ ಗೆರೆಗಳು ಸವೆದಿದ್ದವು. ಸಿಮ್ ಕಾರ್ಡ್ ತರಲು ಹೋದಾಗ ಅಂಗಡಿಯ ಬೆರಳಚ್ಚಿನ ಯಂತ್ರ ಅವನ ಹೆಬ್ಬೆರಳನ್ನು ಗುರುತಿಸಲಿಲ್ಲವಂತೆ. ಕೊನೆಗೆ ಕಿರುಬೆರಳು ಇಡಿಸಿಕೊಂಡು ಕಳಿಸಿದ್ದರು. "ನಾನು ನಾನೇ ಅಂತ ಸಾಬೀತು ಮಾಡಕ್ಕೆ ಕಿರುಬೆರಳು ಬೇಕಾಯ್ತು ಅತ್ತಿಗೆ" ಎಂದು ನಗುತ್ತಾ ಬಂದಿದ್ದ.

ಆ ಭಾನುವಾರ ಬೆಳಗ್ಗೆ ಅದೇ ಹೆಬ್ಬೆರಳುಗಳು ಅವರೆಕಾಳು ಹಿತುಕುತ್ತಿದ್ದವು. ಕಾರ್ತಿಕ ಮಾಸ ಬಂದರೂ ಮಳೆ ಬಿಟ್ಟಿರಲಿಲ್ಲ. ಯಲಹಂಕ ಉಪನಗರದ ನಮ್ಮ ಬೀದಿಯ ಖಾಲಿ ಸೈಟುಗಳಲ್ಲಿ ನೀರು ನಿಂತಿತ್ತು. ರಾಜಾನುಕುಂಟೆ ಕಡೆಯಿಂದ ತರಕಾರಿ ತರುವ ಹೆಂಗಸು ಹಿಂದಿನ ದಿನ ಆ ವರ್ಷದ ಮೊದಲ ಅವರೆಕಾಯಿ ತಂದಿದ್ದಳು. ತಾನೇ ತಂದ ಕಾಯಿಯ ಬಗ್ಗೆ ತಾನೇ ಮುಂಜಾಗ್ರತೆಯಾಗಿ ಹೇಳಿದ್ದಳು: "ಇನ್ನೂ ಸೊಗಡು ಇಡಿದಿಲ್ಲ ಕಣವ್ವ, ಇಬ್ಬನಿ ಬೀಳ್ಬೇಕು. ಈಗ್ಲೇ ತಿಂದ್ಬುಟ್ಟು ಈ ವರ್ಸ ಅವರೆ ಚೆನ್ನಾಗಿಲ್ಲ ಅನ್ಬ್ಯಾಡ." ರಾತ್ರಿ ನೆನೆಸಿದ್ದ ಕಾಳಿನ ಪಾತ್ರೆಯನ್ನು ಮುಂದಿಟ್ಟುಕೊಂಡು ಅವನೂ ನಾನೂ ನೆಲದ ಮೇಲೆ ಕೂತಿದ್ದೆವು. ನಾನು ಒಂದು ಕಾಳು ಹಿತುಕುವುದರೊಳಗೆ ಅವನ ಕೈಯಿಂದ ಮೂರು ಬೇಳೆ ಚಿಮ್ಮುತ್ತಿದ್ದವು. ಒಂದು ಚಿಮ್ಮಿ ಪೇಪರ್ ಓದುತ್ತಿದ್ದ ನಮ್ಮವರ ಕನ್ನಡಕಕ್ಕೆ ತಾಗಿತು.

"ಗುರಿ ಇಟ್ಟು ಹೊಡೀತಾ ಇದೀಯೇನೋ?" ಎಂದರು ಅವರು.

"ಇಲ್ಲಣ್ಣ, ಗುರಿ ಇಟ್ಟಿದ್ರೆ ಕಾಫಿ ಲೋಟಕ್ಕೇ ಬೀಳ್ತಿತ್ತು."

ಮಧ್ಯಾಹ್ನ ಮುದ್ದೆ, ಹಿತಕಿದ ಬೇಳೆ ಸಾರು. ಊಟವಾದ ಮೇಲೆ ಅವನು ಎರಡು ಸಲ ಸೋಪು ಹಾಕಿ ಕೈ ತೊಳೆದು, ಬೆರಳು ಮೂಸಿ ನೋಡಿಕೊಂಡ. "ಸೊಗಡಿಲ್ಲ ಅಂದ್ಲಲ್ಲ ಆಯಮ್ಮ, ನೋಡಿ, ಸೋಪಿಗೂ ಹೋಗ್ತಿಲ್ಲ" ಎಂದ. ಅದು ನಮ್ಮ ಮನೆಯ ಕೊನೆಯ ಮಾಮೂಲಿ ದಿನ. ಊಟದ ನಂತರ ಅವನು ನನಗೊಂದು ಪ್ರಶ್ನೆ ಕೇಳಿದ್ದ. ಅದನ್ನು ಹೇಳುವ ಮೊದಲು ಅವನ ಕೆಲಸ ಏನೆಂದು ಹೇಳಬೇಕು.

ಅವನು ವಿಡಿಯೊ ಗೇಮುಗಳ ವಿಮರ್ಶೆ ಬರೆಯುತ್ತಿದ್ದ. ಮತ್ತಿಕೆರೆಯಲ್ಲಿ, ಕಾಲೇಜು ಹುಡುಗರ ಬಾಡಿಗೆ ರೂಮುಗಳ ನಡುವೆ, ಒಂದು ಬೇಕರಿಯ ಮೇಲೆ ಅವನು ಕೆಲಸ ಮಾಡುತ್ತಿದ್ದ ವೆಬ್‌ಸೈಟಿನ ಆಫೀಸು. ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದ. ಉಳಿದ ದಿನ ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು. ಆಡುವುದು, ಬರೆಯುವುದು, ಕೊನೆಯಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು. ನಾನು ಈ ಮನೆಗೆ ಬಂದಾಗ ಅವನು ಹೈಸ್ಕೂಲಿನಲ್ಲಿದ್ದ. ಅತ್ತೆ ತೀರಿಕೊಂಡ ಮೇಲೆ ಅವನ ಊಟ ತಿಂಡಿ ಎಲ್ಲ ನನ್ನ ಪಾಲಿಗೆ ಬಂತು. ಮೂವತ್ತು ದಾಟಿದ ಗಂಡಸು ಹಗಲು ಹೊತ್ತು ಟಿವಿ ಮುಂದೆ ಕೂತು ಆಡುವುದನ್ನು ನೆಂಟರಿಗೆ ಒಪ್ಪಿಸುವ ಕೆಲಸವೂ ನನ್ನದೇ ಆಯಿತು. ಒಮ್ಮೆ ಆರ್.ಟಿ. ನಗರದಿಂದ ಹೆಣ್ಣಿನ ಕಡೆಯವರು ಬಂದಿದ್ದರು. ಹುಡುಗ ಏನು ಮಾಡಿಕೊಂಡಿದ್ದಾನೆ ಎಂದು ಕೇಳಿದರು. ನಮ್ಮವರು ಗಂಟಲು ಸರಿಮಾಡಿಕೊಂಡು, "ಆಟಗಳಿಗೆ ಮಾರ್ಕ್ಸ್ ಹಾಕ್ತಾನೆ" ಎಂದುಬಿಟ್ಟರು. ಅವರು ಮತ್ತೆ ಬರಲಿಲ್ಲ. ನನಗೆ ಬೇಜಾರಾಗಿತ್ತು. ಅವನೇ ಸಮಾಧಾನ ಹೇಳಿದ: "ಬಿಡಿ ಅತ್ತಿಗೆ, ಒಂದು ಕಾಫಿ ಕುಡಿಯೋಷ್ಟರಲ್ಲಿ ನಂಗೂ ಮಾರ್ಕ್ಸ್ ಹಾಕಿ ಹೋದ್ರು. ಪೂರ್ತಿ ಆಡಿ ನೋಡ್ಲಿಲ್ಲ, ಅಷ್ಟೇ."

ಕಂಟ್ರೋಲರ್ ಮುಟ್ಟುವ ಮುಂಚೆ ಕೈ ತೊಳೆಯುವುದು ಅವನಿಗೆ ದೇವರ ಮನೆಗೆ ಹೋಗುವಷ್ಟು ನಿಷ್ಠೆ. ಎಣ್ಣೆ ಅಂಟಬಾರದೆಂದು ಚುರುಮುರಿಯನ್ನೂ ಚಮಚದಲ್ಲಿ ತಿನ್ನುತ್ತಿದ್ದ. ಬೋಂಡ ಮಾಡಿದ ದಿನ ಅವನು ತಟ್ಟೆಯ ಸುತ್ತ ಫೋರ್ಕು ಹಿಡಿದು ಸುಳಿಯುವುದನ್ನು ನೋಡಿ ನಮ್ಮವರು, "ಸಾಹೇಬ್ರು ಬಂದ್ರು, ದಾರಿ ಬಿಡಿ" ಎನ್ನುತ್ತಿದ್ದರು.

ಅವನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಎಕ್ಸ್‌ಪಾನ್ಶನ್‌ಗಳು. ಹಾಗೆಂದರೇನು ಎಂದು ನಾನು ಕೇಳಿದಾಗ ಅವನು ಕಿಟಕಿಯಿಂದ ಎದುರು ಮನೆ ತೋರಿಸಿದ. ಅವರು ಆಗಷ್ಟೇ ಬಾಡಿಗೆಗೆಂದು ಮಹಡಿ ಕಟ್ಟಿಸಿದ್ದರು. "ಹಾಗೇ ಅತ್ತಿಗೆ. ಹಳೇ ಆಟದ ಮೇಲೆ ಹೊಸದೊಂದು ಭಾಗ. ಕೆಳಗಿನ ಮನೆ ಇಲ್ದೆ ಮಹಡಿ ನಿಲ್ಲಲ್ಲ. ಆದ್ರೆ ಅದಕ್ಕೆ ಬೇರೆ ಮೆಟ್ಟಿಲು, ಬೇರೆ ಕರೆಂಟ್ ಮೀಟರ್. ಈಗ ಅದಕ್ಕೆ ಮಾರ್ಕ್ಸ್ ಕೊಡು ಅಂದ್ರೆ ಯಾವುದಕ್ಕೆ ಕೊಡ್ಲಿ? ಮಹಡಿಗಾ, ಮನೆಗಾ?"

ಅದಕ್ಕಾಗಿ ಅವನದೊಂದು ಕ್ರಮವಿತ್ತು. ಹೊಸ ಭಾಗ ಬಂದಾಗಲೆಲ್ಲ, ಎಷ್ಟೇ ಅವಸರವಿದ್ದರೂ, ಹಳೆಯ ಆಟವನ್ನು ಮೊದಲಿಂದ ಆಡುತ್ತಿದ್ದ. ಕೆಳಗಿನ ಮನೆಯಲ್ಲಿ ಒಂದಷ್ಟು ದಿನ ಇದ್ದು ಆಮೇಲೆ ಮೆಟ್ಟಿಲು ಹತ್ತಬೇಕು ಎನ್ನುತ್ತಿದ್ದ. ಆಫೀಸಿನಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲವಂತೆ. ಎಕ್ಸ್‌ಪಾನ್ಶನ್‌ಗಳಿಗೆ ಸಿಗುವ ದೊಡ್ಡ ಅಂಕಗಳನ್ನೂ ಅವನು ನಂಬುತ್ತಿರಲಿಲ್ಲ. "ಮೊದಲ್ನೇ ಸಲ ಬಡಿಸಿದ್ದು ಹಿಡಿಸದೇ ಇರೋರು ಎದ್ದು ಹೋಗಿರ್ತಾರೆ ಅತ್ತಿಗೆ. ಎರಡನೇ ಸಲ ಬಡಿಸಿಕೊಳ್ಳೋನು ಚೆನ್ನಾಗಿದೆ ಅಂತಾನೇ ಅಂತಾನೆ. ಅವನೊಬ್ಬನ್ನೇ ಕೇಳಿ ಅಡಿಗೆ ಹೇಗಿತ್ತು ಅಂತ ಬರೆದ್ರೆ ಆಯ್ತಾ?" ಹಾಗೆಯೇ ಸಣ್ಣ ಅಂಕಗಳನ್ನೂ ನಂಬುತ್ತಿರಲಿಲ್ಲ. ಮೊದಲ ದಿನ ಏನೋ ಕೆಟ್ಟು ನಿಂತಿರುತ್ತದೆ, ಜನ ಸಿಟ್ಟಿನಲ್ಲಿ ಒಂದು, ಎರಡು ಎಂದು ಕೊಟ್ಟು ಹೋಗುತ್ತಾರೆ, ತಿಂಗಳೊಪ್ಪತ್ತಿನಲ್ಲಿ ಅದು ರಿಪೇರಿಯಾಗುತ್ತದೆ, ಅಂಕ ಮಾತ್ರ ಹಾಗೇ ಉಳಿಯುತ್ತದೆ ಎನ್ನುತ್ತಿದ್ದ. "ಅಂಕ ಸುಳ್ಳು ಹೇಳಲ್ಲ ಅತ್ತಿಗೆ. ಆದ್ರೆ ಯಾರು ಕೊಟ್ರು, ಯಾವತ್ತು ಕೊಟ್ರು, ಯಾರ ಜೊತೆ ಕೂತು ಕೊಟ್ರು, ಅದನ್ನ ಹೇಳಲ್ಲ." ಈ ಮಾತು ಅವನ ಬಾಯಲ್ಲಿ ಎಷ್ಟು ಸಲ ಕೇಳಿದ್ದೆನೋ. ನಾನು ಪಿಯುಸಿವರೆಗೆ ಓದಿದವಳು. ಅಂಕವೆಂದರೆ ಪಾಸು, ಫೇಲು ಎಂದಷ್ಟೇ ತಿಳಿದಿದ್ದವಳು. ಅವನು ಹೇಳುವಾಗ ಹೂಂಗುಟ್ಟುತ್ತಾ ಸೊಪ್ಪು ಬಿಡಿಸುತ್ತಿದ್ದೆ.

ಅಷ್ಟೆಲ್ಲ ತಿಳಿದವನೇ ಒಮ್ಮೆ ತಪ್ಪು ಮಾಡಿದ.

ಒಂದು ಆಟವಿತ್ತು. ದೊಡ್ಡ ಹೊಳೆ, ಒಂದು ದೋಣಿ, ಒಬ್ಬ ಅಂಬಿಗ. ಜನರನ್ನು ಈ ದಡದಿಂದ ಆ ದಡಕ್ಕೆ ಮುಟ್ಟಿಸುವುದು, ಅಷ್ಟೇ. ಹೊಡೆದಾಟವಿಲ್ಲ, ಗುಂಡಿನ ಸದ್ದಿಲ್ಲ. ನನಗೂ ನೋಡಲು ಹಿತವಾಗಿತ್ತು. ಅದಕ್ಕೆ ಅವನು ಒಂಬತ್ತು ಕೊಟ್ಟಿದ್ದ. ಎರಡು ವರ್ಷದ ನಂತರ ಅದರ ಎಕ್ಸ್‌ಪಾನ್ಶನ್ ಬಂತು. ಅದರಲ್ಲಿ ದೋಣಿ ದೊಡ್ಡದು, ನಡೆಸಲು ಇಬ್ಬರು ಬೇಕು. ಒಬ್ಬರು ಹುಟ್ಟು ಹಾಕಬೇಕು. ಹುಟ್ಟು ಹಾಕುವವರು ಬೆನ್ನು ಮುಂದೆ ಮಾಡಿ ಕೂರುವುದರಿಂದ ಅವರಿಗೆ ಕಾಣುವುದು ಬಿಟ್ಟು ಬಂದ ದಡ ಮಾತ್ರ. ಇನ್ನೊಬ್ಬರು ದೋಣಿಯ ಮೂತಿಯ ಹತ್ತಿರ ಲಾಂದ್ರ ಹಿಡಿದು ನಿಲ್ಲಬೇಕು. ಬಂಡೆ, ಸುಳಿ ಕಾಣುವುದು ಅವರಿಗೆ. ಟಿವಿಯ ಪರದೆ ಎರಡು ಭಾಗವಾಗುತ್ತದೆ. ಪಕ್ಕದವರ ಭಾಗವನ್ನು ಕದ್ದು ನೋಡಿದರೆ ಹುಟ್ಟಿನ ಲಯ ತಪ್ಪಿ ದೋಣಿ ತಿರುಗಿಬಿಡುತ್ತದೆ.

ಆದರೆ ಮಾರಾಟಕ್ಕೆ ಬರುವ ಮುಂಚೆ ವಿಮರ್ಶಕರಿಗೆ ಕಳಿಸುವ ಪ್ರತಿಯನ್ನು ಯಾರಿಗೂ ತೋರಿಸಬಾರದೆಂದು ಕರಾರಿರುತ್ತದೆ. ಅವನು ಬಾಗಿಲು ಹಾಕಿಕೊಂಡು ಒಬ್ಬನೇ ಆಡಿದ. ಒಬ್ಬರೇ ಆಡುವವರಿಗೆ ಜೊತೆಗಾರನಾಗಿ ಯಂತ್ರವೇ ಬರುತ್ತದೆ. ಅದು ಹೇಳಿದ್ದನ್ನು ತಪ್ಪಿಲ್ಲದೆ ಮಾಡುತ್ತದೆ. ಅವನು ಪೂರ್ತಿ ಆಡಿ ಬರೆದ: ಮಹಡಿ ಗಟ್ಟಿಯಾಗಿದೆ, ಆದರೆ ಖಾಲಿಯಾಗಿದೆ. ಹತ್ತಕ್ಕೆ ಆರು. ಅದೇ ಕರಾರಿನಲ್ಲಿ, ಅದೇ ರೀತಿ ಬಾಗಿಲು ಹಾಕಿಕೊಂಡು ಆಡಿದ ಬೇರೆ ದೇಶದ ವಿಮರ್ಶಕರೂ ಆರು, ಐದು ಎಂದೇ ಕೊಟ್ಟಿದ್ದರು.

ಅದಾಗಿ ಒಂದು ವರ್ಷಕ್ಕೆ ನಾನು ಹಿತ್ತಲಿನ ಪಾಚಿಯ ಮೇಲೆ ಜಾರಿ ಕಾಲಿನ ಮೂಳೆ ಮುರಿದುಕೊಂಡೆ. ಕಟ್ಟು ಹಾಕಿಸಿಕೊಂಡು ಸೋಫಾದ ಮೇಲೆ ಕೂತಿದ್ದ ನನಗೆ ಹೊತ್ತು ಹೋಗಲೆಂದು ಅವನು ಆ ದೋಣಿಯ ಆಟ ಹಾಕಿ, ಎರಡನೇ ಕಂಟ್ರೋಲರ್ ಕೈಗಿಟ್ಟ. "ನೀವು ಮುಂದೆ ನಿಂತ್ಕೊಳಿ. ಬಂಡೆ ಕಂಡ್ರೆ ಹೇಳಿ, ಅಷ್ಟೇ ಕೆಲಸ."

ಕಂಡಿತು. "ಎಡಕ್ಕೆ ಕಣೋ, ಎಡಕ್ಕೆ ಹೋಗು" ಎಂದೆ.

"ನಿಮ್ಮ ಎಡವಾ, ನನ್ನ ಎಡವಾ?"

"ಎಡ ಅಂದ್ರೆ ಎಡ. ಅದರಲ್ಲಿ ನಿಂದು ನಂದು ಏನು?"

"ನಾನು ಹಿಂದೆ ಮುಖ ಮಾಡಿ ಕೂತಿದೀನಿ ಅತ್ತಿಗೆ!"

ದೋಣಿ ಬಂಡೆಗೆ ಬಡಿದು ಮುಳುಗಿತು. ಅದರಲ್ಲಿ ಕೂತಿದ್ದ ಮುದುಕಿ, ಅವಳ ಮೇಕೆ, ಎಲ್ಲ ಹೊಳೆಯ ಪಾಲು. ಒಳಗಿನಿಂದ ನಮ್ಮವರು, "ಇಬ್ರೂ ಸೇರಿ ಯಾರನ್ನ ಕೊಂದ್ರಿ?" ಎಂದು ಕೇಳಿದರು. ಮತ್ತೆ ಹೊರಟೆವು, ಮತ್ತೆ ಮುಳುಗಿದೆವು. ಆಮೇಲೆ ನಾನು ಎಡ ಬಲ ಬಿಟ್ಟು, "ಅಡಿಗೆ ಮನೆ ಕಡೆ", "ಬಾಗಿಲ ಕಡೆ" ಎಂದು ಹೇಳತೊಡಗಿದೆ. ಅದು ಸರಿಹೋಯಿತು. ಆದರೂ ಅವನು ರೇಗಿಸಲೆಂದು ಪ್ರತಿ ತಿರುವಿನಲ್ಲೂ, "ನಿಮ್ಮ ಎಡವಾ, ನನ್ನ ಎಡವಾ" ಎಂದು ಕೇಳುವುದನ್ನು ಬಿಡಲಿಲ್ಲ. ಸಂಜೆ ಹೊತ್ತಿಗೆ ಮುದುಕಿಯೂ ಮೇಕೆಯೂ ದಡ ಸೇರಿದರು. ನನಗೆ ಕಾಲು ನೋವೇ ಮರೆತುಹೋಗಿತ್ತು. ನಾನು ನಗುತ್ತಿದ್ದೆ. ಅವನು ನಗುತ್ತಿರಲಿಲ್ಲ. ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯನ್ನೇ ನೋಡುತ್ತಾ ಕೂತಿದ್ದ.

"ಏನಾಯ್ತೋ?"

"ಇದಕ್ಕೆ ನಾನು ಆರು ಕೊಟ್ಟಿದೀನಿ ಅತ್ತಿಗೆ" ಎಂದ. ಆಮೇಲೆ ನಿಧಾನವಾಗಿ ಹೇಳಿದ. ಆ ಆಟ ಮಾಡಿದವರು ನಾಲ್ಕೈದೇ ಜನ. ಇನ್ನೊಂದು ಭಾಗ ಮಾಡುವ ಯೋಚನೆ ಇತ್ತು. ಅಂಕಗಳನ್ನು ನೋಡಿ ಅದನ್ನು ಕೈಬಿಟ್ಟಿದ್ದರು. "ಇಬ್ರು ಕೂತು ಆಡ್ಲಿ ಅಂತ ಮಾಡಿದ್ದನ್ನ ಒಬ್ಬನೇ ಕೂತು ಆಡಿ, ಖಾಲಿ ಇದೆ ಅಂತ ಬರೆದೆ. ಖಾಲಿ ಇದ್ದಿದ್ದು ನನ್ನ ಪಕ್ಕದ ಜಾಗ."

ಮಾರನೆಯ ದಿನವೇ ಸಂಪಾದಕರಿಗೆ ಫೋನು ಮಾಡಿದ. ಅವರು ಕೆಟ್ಟವರಲ್ಲ, ಅವನನ್ನು ತಮ್ಮನ ಹಾಗೆ ನೋಡಿಕೊಂಡವರು. ಸ್ಪೀಕರಿನಲ್ಲಿ ಅವರ ಮಾತು ನನಗೂ ಕೇಳಿಸುತ್ತಿತ್ತು. "ಗುರು, ಒಂದು ಅಂಕ ತಿದ್ದಿದ್ರೆ ನಾಳೆ ಎಲ್ಲ ಕಂಪನಿಯವ್ರೂ ಬಾಗ್ಲಲ್ಲಿ ನಿಲ್ತಾರೆ. ಓದೋರು ನಾವು ಮಾರಿಕೊಂಡ್ವಿ ಅಂತಾರೆ. ಬೇಕಾದ್ರೆ ಕೆಳಗಡೆ ಒಂದು ಸಾಲು ಸೇರಿಸು."

"ಕೆಳಗಡೆ ಸಾಲು ಯಾರು ಓದ್ತಾರೆ ಸಾರ್? ಅಂಕ ಮೇಲಿರುತ್ತೆ."

ಈ ಮಾತು ಅಲ್ಲಿಗೆ ಮುಗಿಯಲಿಲ್ಲ. ವಾರ ವಾರವೂ ಮತ್ತಿಕೆರೆಗೆ ಹೋದಾಗ ಅದನ್ನೇ ಎತ್ತುತ್ತಿದ್ದ. ಬೇರೆ ಕೆಲಸದಲ್ಲಿ ಅವನಿಗೆ ಮೊದಲಿನ ಹುರುಪು ಇರಲಿಲ್ಲ. ಯಾವ ಆಟಕ್ಕೆ ಅಂಕ ಕೊಡಬೇಕಾದರೂ ಕೈ ತಡೆಯುತ್ತದೆ ಎನ್ನುತ್ತಿದ್ದ. ಆ ಒಂದು ಅಂಕ ಸರಿಯಾಗದೆ ಇನ್ನೊಂದನ್ನು ನೆಮ್ಮದಿಯಿಂದ ಬರೆಯಲು ಅವನಿಂದ ಆಗುತ್ತಿರಲಿಲ್ಲ. ಕೊನೆಗೆ ಸಂಪಾದಕರು ಸೋತು ಒಂದು ದಾರಿ ಹೇಳಿದರು. ಹಳೆಯದು ಹಾಗೇ ಇರಲಿ, ಇಬ್ಬರು ಕೂತು ಆಡಿ ಹೊಸದಾಗಿ ಇನ್ನೊಂದು ವಿಮರ್ಶೆ ಬರಿ, ಹೊಸ ಅಂಕ ಕೊಡು, ಎಲ್ಲ ವಿಮರ್ಶಕರ ಅಂಕಗಳನ್ನು ಕೂಡಿ ಸರಾಸರಿ ತೋರಿಸುವ ಪುಟಕ್ಕೆ ಆರನ್ನು ತೆಗೆದು ಹೊಸ ಅಂಕವನ್ನೇ ಕಳಿಸೋಣ ಎಂದರು. ಅವತ್ತು ಅವನು ಬರುವಾಗ ಬೇಕರಿಯಿಂದ ದಿಲ್‌ಪಸಂದ್ ತಂದಿದ್ದ. ತಾನೂ ಕೈಯಲ್ಲೇ ತಿಂದ.

ಅದಾದ ಮೇಲೆ ನಮ್ಮ ಮಧ್ಯಾಹ್ನಗಳು ಹೊಳೆಯ ಮೇಲೆ ಕಳೆದವು. ಕಾಲಿನ ಕಟ್ಟು ಬಿಚ್ಚಿ ಎಷ್ಟೋ ದಿನವಾಗಿದ್ದರೂ ನಾನು ಅದೇ ಸೋಫಾದ ಮೇಲೆ, ಅದೇ ಎಡ ಮಗ್ಗುಲಿಗೆ ಕೂರುತ್ತಿದ್ದೆ. ಪದ್ಧತಿಯಂತೆ ಮೊದಲು ಹಳೆಯ ಆಟವನ್ನು ಪೂರ್ತಿ ಆಡಿದ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಆಮೇಲೆ ಹೊಸದು.

ಆ ಭಾನುವಾರ ಊಟವಾದ ಮೇಲೆ ಕೊನೆಯ ಪ್ರಯಾಣ ಮುಗಿಸಿದೆವು. ವಿಮರ್ಶೆ ಬರೆದಾಗಿತ್ತು. ಅಂಕದ ಜಾಗ ಮಾತ್ರ ಬಾಕಿ. ಅವನು ನನ್ನ ಕಡೆ ತಿರುಗಿ ಕೇಳಿದ: "ಎಷ್ಟು ಕೊಡ್ತೀರಾ ಅತ್ತಿಗೆ?"

"ನನ್ನನ್ನೇನು ಕೇಳ್ತೀಯ? ನೀನಲ್ವಾ ಪಂಡಿತ?"

"ಹೋದ ಸಲ ಪಂಡಿತ ಒಬ್ಬನೇ ಕೊಟ್ಟಿದ್ದು. ಈ ಸಲ ಇಬ್ರೂ ಸೇರಿ ಕೊಡ್ಬೇಕು. ನೀವೊಂದು ಹೇಳಿ, ನಾನೊಂದು ಹೇಳ್ತೀನಿ, ಜಗಳ ಆಡೋಣ."

"ಯೋಚ್ನೆ ಮಾಡಿ ಹೇಳ್ತೀನಿ, ಹೋಗು" ಎಂದು ನಾನು ಒಣಗಿದ ಬಟ್ಟೆ ತರಲು ಎದ್ದೆ. ಮಳೆ ಬರುವ ಹಾಗಿತ್ತು.

ಸಂಜೆ ಅವನಿಗೆ ಮೈ ಬಿಸಿಯಾಯಿತು. ಕಣ್ಣಿನ ಹಿಂದೆ ನೋವು ಎಂದ. ಎರಡು ದಿನಕ್ಕೆ ಡೆಂಗಿ ಎಂದು ಗೊತ್ತಾಗಿ ಹೆಬ್ಬಾಳದ ಕಡೆ ಒಂದು ಆಸ್ಪತ್ರೆಗೆ ಸೇರಿಸಿದೆವು. ನಮ್ಮ ಬೀದಿಯಲ್ಲಿ ಆ ವರ್ಷ ಜ್ವರ ಬಾರದ ಮನೆಯೇ ಇರಲಿಲ್ಲ. ಎಲ್ಲರೂ ಆಸ್ಪತ್ರೆಗೆ ಹೋಗಿ ಗುಣವಾಗಿ ಬಂದವರೇ. ನಾವೂ ಹಾಗೇ ತಿಳಿದಿದ್ದೆವು.

ಆ ದಿನಗಳಲ್ಲಿ ನಮ್ಮ ಮನೆಯವರೆಲ್ಲ ಬೆಳಗಾದರೆ ಕೇಳುತ್ತಿದ್ದದ್ದು ಒಂದೇ ಮಾತು: ಪ್ಲೇಟ್‌ಲೆಟ್ ಕೌಂಟ್ ಎಷ್ಟು? ಇಳಿದಿದೆ ಎಂದರೆ ಯಾರೂ ತಿಂಡಿ ತಿನ್ನುತ್ತಿರಲಿಲ್ಲ. ಅಕ್ಕಪಕ್ಕದವರು, ನೆಂಟರು, ಫೋನು ಮಾಡಿದವರೆಲ್ಲ ಅದನ್ನೇ ಕೇಳುತ್ತಿದ್ದರು. ಅವನು ಹೇಗಿದ್ದಾನೆ ಎಂದು ಕೇಳಿದವರು ಕಡಿಮೆ. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದವನು ನನ್ನನ್ನು ನೋಡಿ ಒಣಗಿದ ತುಟಿಯಲ್ಲೇ ನಕ್ಕ. "ನಂಗೂ ದಿನಾ ಅಂಕ ಕೊಡ್ತಿದಾರೆ ಅತ್ತಿಗೆ."

"ಸುಮ್ನಿರೋ. ಮಾತಾಡ್ಬೇಡ."

"ಆಯ್ತು. ಯೋಚ್ನೆ ಮಾಡಿದ್ರಾ?"

ನಾನು ಯೋಚನೆ ಮಾಡಿದ್ದೆ. ಒಂಬತ್ತು ಎಂದುಕೊಂಡಿದ್ದೆ. ಆದರೂ ಹೇಳಲಿಲ್ಲ. "ಮನೆಗೆ ಬಾ, ಹೇಳ್ತೀನಿ" ಎಂದೆ. ಬರುವ ಆಸೆಗೆ ಏನಾದರೂ ಒಂದಿರಲಿ ಎಂದು.

ಶನಿವಾರ ಬೆಳಗ್ಗೆ ಕೌಂಟ್ ಏರಿತು. ನಮ್ಮವರು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಫೋನು ಮಾಡಿ ಹೇಳಿದರು. ನಾನು ಮನೆಗೆ ಬಂದು ಅವನ ಹಾಸಿಗೆಯ ಹೊದಿಕೆ ಬದಲಾಯಿಸಿ, ಗಂಜಿಗೆ ಅಕ್ಕಿ ಹುರಿಯುತ್ತಿದ್ದೆ. ಮಧ್ಯಾಹ್ನ ಫೋನು ಬಂತು. ಜ್ವರ ಹೃದಯಕ್ಕೆ ತಾಗಿತ್ತು, ಒಮ್ಮೊಮ್ಮೆ ಹೀಗಾಗುತ್ತದೆ ಎಂದು ಡಾಕ್ಟರು ಆಮೇಲೆ ವಿವರಿಸಿದರು. ಅವರು ತಮ್ಮಿಂದಾದದ್ದನ್ನೆಲ್ಲ ಮಾಡಿದ್ದರು. ನಾನು ಅವರನ್ನು ಕೇಳಿದ್ದು ಒಂದೇ: "ಬೆಳಗ್ಗೆ ಏರಿತ್ತಲ್ಲ ಡಾಕ್ಟ್ರೇ?" ಅವರು, "ಏರಿತ್ತು ಅಮ್ಮ" ಎಂದರು.

ವೈಕುಂಠ ಸಮಾರಾಧನೆಯ ದಿನ ಸಂಪಾದಕರು ಬಂದಿದ್ದರು. ಊಟ ಮುಗಿಸಿ ಹೊರಡುವ ಮುಂಚೆ ಅಡಿಗೆ ಮನೆಯ ಬಾಗಿಲ ಹತ್ತಿರ ಬಂದು ನಿಂತರು. ವಿಮರ್ಶೆಯನ್ನು ಅವನು ಜ್ವರದಲ್ಲೇ ಕಳಿಸಿಬಿಟ್ಟಿದ್ದನಂತೆ. ಅಂಕದ ಜಾಗ ಖಾಲಿ ಇತ್ತಂತೆ.

"ಏನಾದ್ರೂ ಹೇಳಿದ್ನಾ ಅಮ್ಮ, ಎಷ್ಟು ಅಂತ?"

"ಹೇಳಿರ್ಲಿಲ್ಲ" ಎಂದೆ.

"ಹಾಗಾದ್ರೆ ನೀವೇ ಒಂದು ಹೇಳಿ. ನೀವೂ ಆಡಿದ್ರಲ್ಲ, ಅದನ್ನೇ ಹಾಕ್ತೀವಿ."

ಒಂಬತ್ತು ಎನ್ನುವ ಮಾತು ಬಾಯಿಗೆ ಬಂದಿತ್ತು. ಆದರೆ ಅವನದೊಂದು ನನ್ನದೊಂದು ಸೇರಿ, ಜಗಳವಾಡಿ ಆಗಬೇಕಿದ್ದ ಅಂಕ ಅದು. "ಒಬ್ರೇ ಕೊಟ್ಟಿದ್ದಕ್ಕಲ್ವಾ ಸಾರ್ ಇಷ್ಟು ದಿನ ಅವನು ಒದ್ದಾಡಿದ್ದು. ಬೇಡ" ಎಂದೆ. ಅವರು ತಲೆಯಾಡಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು.

ವಿಮರ್ಶೆ ಅಂಕವಿಲ್ಲದೆ ಪ್ರಕಟವಾಯಿತು. ಓದಿದವರು ಕೆಲವರು ಚೆನ್ನಾಗಿ ಬರೆದಿದ್ದಾನೆ ಎಂದರು. ಆದರೆ ಸರಾಸರಿ ತೋರಿಸುವ ಪುಟ ಅಂಕವಿಲ್ಲದ ವಿಮರ್ಶೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಅಲ್ಲಿ ಅವನ ಹೆಸರಿನ ಮುಂದೆ ಈಗಲೂ ಆರು ಎಂದೇ ಇದೆ.

ಇಬ್ಬನಿ ಬಿತ್ತು. ತರಕಾರಿಯ ಹೆಂಗಸು ಸೊಗಡಿನ ಅವರೆ ತಂದಳು. ಅವನೆಲ್ಲಿ ಎಂದು ಕೇಳಿದಳು, ಹೇಳಿದೆ. ಅವಳು ಬುಟ್ಟಿ ಇಳಿಸಿ ಸ್ವಲ್ಪ ಹೊತ್ತು ನಮ್ಮ ಮೆಟ್ಟಿಲ ಮೇಲೆ ಕೂತಿದ್ದು ಹೋದಳು. ನಮ್ಮವರು ಮುಂದಿನ ಕೋಣೆಯ ಟಿವಿಗೆ ಬಟ್ಟೆ ಮುಚ್ಚಿದರು. ಕೆಲವು ವಾರ ಬಿಟ್ಟು ನಾನೇ ಅದನ್ನು ತೆಗೆದೆ. ಕೈ ತೊಳೆದುಕೊಂಡು, ನನ್ನ ಮಗ್ಗುಲಿನಲ್ಲಿ ಕೂತು, ಅವನು ಕಲಿಸಿದ ಹಾಗೆ ಆಟ ಹಾಕಿದೆ. ಜೊತೆಗಾರರು ಯಾರು ಎಂದು ಅದು ಕೇಳಿತು. ಯಾರೂ ಇಲ್ಲ ಎಂಬುದನ್ನು ಒತ್ತಿದೆ. ಯಂತ್ರ ಬಂದು ಹುಟ್ಟು ಹಿಡಿಯಿತು.

ಈಗಲೂ ಒಮ್ಮೊಮ್ಮೆ ಮಧ್ಯಾಹ್ನ ಆಡುತ್ತೇನೆ. ದೋಣಿ ಎಲ್ಲಿಯೂ ತಾಗುವುದಿಲ್ಲ. ಮುದುಕಿಯೂ ಮೇಕೆಯೂ ಪ್ರತಿ ಸಲ ಕ್ಷೇಮವಾಗಿ ದಡ ಸೇರುತ್ತಾರೆ. ಅವನು ಕೊಟ್ಟ ಆರು ತಪ್ಪೆಂದು ಅವನು ಕೊನೆಯವರೆಗೂ ಕೊರಗಿದ. ಒಬ್ಬರೇ ಆಡುವವರಿಗೆ ಅದು ಸರಿಯಾದ ಅಂಕವೇ. ನಾನು ಗುಂಡಿ ಒತ್ತಿ ಎಡಕ್ಕೆ ಎಂದು ತೋರಿಸಿದರೆ ದೋಣಿ ಎಡಕ್ಕೇ ಹೋಗುತ್ತದೆ. ನಿಮ್ಮ ಎಡವಾ, ನನ್ನ ಎಡವಾ ಎಂದು ಯಾರೂ ಕೇಳುವುದಿಲ್ಲ.